ಗ್ರಾಫಿನಲ್ಲಿ ತುಂಬಿದ ಕನ್ನಂಬಾಡಿ

ಸಹಾಯ ಕೇಳುವ ಕಲೆಯಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಮೊದಲು ‘ಸಾರ್’ ಅಂತ ಒಂದೇ ಪದ ಬರುತ್ತದೆ. ಅರ್ಧ ಗಂಟೆ ಬಿಟ್ಟು ‘ಫ್ರೀ ಇದ್ದೀರಾ?’ ಅದಾದ ಮೇಲೆ ‘ಒಂದು ಸಣ್ಣ ಡೌಟಿತ್ತು’. ಆ ಸಣ್ಣ ಡೌಟು ಹೊರಬೀಳುವಷ್ಟರಲ್ಲಿ ಉತ್ತರ ಹೇಳಬೇಕಾದವನು ಉಂಡು ಮಲಗಿರುತ್ತಾನೆ. ಕೊನೆಗೆ ಬರುವುದೊಂದು ಫೋಟೊ: ಲ್ಯಾಪ್‌ಟಾಪ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಹಿಡಿದದ್ದು, ಕೋಡಿಗಿಂತ ಟ್ಯೂಬ್‌ಲೈಟೇ ಸ್ಪಷ್ಟ. ಕೆಳಗೆ ‘ನಾಟ್ ವರ್ಕಿಂಗ್’.

ನನ್ನ ಅಕ್ಕನ ಮಗ ಈ ವಿದ್ಯೆಯಲ್ಲಿ ಪಂಡಿತ. ಕಾಲೇಜಿನ ಪ್ರಾಜೆಕ್ಟಿಗೆ ಕನ್ನಂಬಾಡಿಯ ನೀರಿನ ಮಟ್ಟವನ್ನು ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಮಾಡಿ ತಂದ. ಫೆಬ್ರವರಿಯಿಂದ ಮೇ ತನಕದ ಲೆಕ್ಕ. ಗೆರೆ ನೆಟ್ಟಗೆ ಮೇಲಕ್ಕೆ ಹೋಗಿತ್ತು.

“ಮಾವ, ಕಟ್ಟೆ ತುಂಬ್ತಾ ಇದೆ.”

“ಏಪ್ರಿಲ್‌ನಲ್ಲೇನೋ? ಮಂಡ್ಯದಲ್ಲಿ ಯಾರಿಗಾದ್ರೂ ಹೇಳಿದ್ಯಾ?”

“ಸಾಫ್ಟ್‌ವೇರ್ ಹಂಗೇ ತೋರಿಸ್ತಿದೆ. ಅದ್ರಲ್ಲೇ ಏನೋ ಬಗ್ ಇರ್ಬೇಕು ಮಾವ.”

ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅವನ ಗ್ರಾಫು ನಿಜವಾಗಿದ್ದರೆ ಮಳೆಗಾಲವೇ ಬೇಕಿರಲಿಲ್ಲ, 1990ರಲ್ಲಿ ಕಾವೇರಿ ನ್ಯಾಯಮಂಡಳಿ ಹುಟ್ಟುವ ಪ್ರಮೇಯವೂ ಬರುತ್ತಿರಲಿಲ್ಲ.

ಆ ಸಾಫ್ಟ್‌ವೇರ್ ಬಳಸುವವರ ನಡುವೆ ಹೋಗಿ ಕೇಳು ಅಂದೆ. ಕೇಳಿದ. ಯಾವುದೋ ದೇಶದ ಪುಣ್ಯಾತ್ಮನೊಬ್ಬ ಉತ್ತರಿಸಿದ್ದು ಇಷ್ಟೇ: ತೊಂದರೆ ಕಾಣಿಸುವಷ್ಟು ಮಾತ್ರ ಕೋಡನ್ನು, ಐದಾರು ಸಾಲು ಡೇಟಾ ಸಮೇತ, ಯಾರು ಬೇಕಾದರೂ ಓಡಿಸಿ ನೋಡುವಂತೆ ಕಳಿಸು. ಹುಡುಗನಿಗೆ ಸಿಟ್ಟು ಬಂತು. “ಉತ್ತರ ಕೇಳಿದ್ರೆ ನಂಗೇ ಹೋಮ್‌ವರ್ಕ್ ಕೊಡ್ತಾರೆ ಮಾವ, ಎಂಥಾ ಜನ!” ಗೊಣಗುತ್ತಲೇ ಇನ್ನೂರು ಸಾಲನ್ನು ಹತ್ತು ಸಾಲಿಗೆ ಇಳಿಸಿದ. ಇಳಿಸುವಾಗಲೇ ಕಳ್ಳ ಸಿಕ್ಕಿಬಿದ್ದ. ಪಟ್ಟಿಯ ಒಂದೇ ಒಂದು ಕಡೆ ಸಂಖ್ಯೆಯ ಪಕ್ಕ ಯಾರೋ ‘ಅಡಿ’ ಅಂತ ಬರೆದುಬಿಟ್ಟಿದ್ದರು. ಅದೊಂದು ಪದದಿಂದ ಇಡೀ ಕಾಲಮ್ಮು ಸಂಖ್ಯೆಯಾಗದೆ ಬರೀ ಪಠ್ಯವಾಗಿತ್ತು. ಪಠ್ಯವನ್ನು ಮ್ಯಾಟ್‌ಪ್ಲಾಟ್‌ಲಿಬ್ ಹೆಚ್ಚು ಕಡಿಮೆ ಅಂತ ಅಳೆಯುವುದಿಲ್ಲ, ಬಂದ ಸರದಿಯಲ್ಲಿ ಒಂದರ ಮೇಲೊಂದು ಕೂರಿಸುತ್ತದೆ. ದಿನದಿನಕ್ಕೂ ನೀರು ಇಳಿದಿದೆ, ಇಳಿದ ಒಂದೊಂದು ಮಟ್ಟವೂ ಹಿಂದಿನದರ ತಲೆಯ ಮೇಲೆ ಹತ್ತಿ ಕೂತಿದೆ. ಬರ ಹೆಚ್ಚಿದಷ್ಟೂ ಕಟ್ಟೆ ತುಂಬಿದೆ!

ಇಷ್ಟು ಸೊಗಸಾದ ಸಂಗತಿ ಪತ್ತೆಯಾದ ಮೇಲೆ ಭೂಪ ಅಲ್ಲಿ ಬರೆದದ್ದೇನು? ‘ಸಾಲ್ವ್ಡ್, ಥ್ಯಾಂಕ್ಸ್.’ ಹೇಗೆ ಸಾಲ್ವ್ ಆಯಿತೆಂಬ ಸುಳಿವೇ ಇಲ್ಲ. ನಾಳೆ ಇದೇ ಗುಂಡಿಗೆ ಬೀಳುವವನು ಹುಡುಕಿಕೊಂಡು ಬಂದು ಈ ಎರಡು ಪದ ಓದಿ ಇವನ ವಂಶಕ್ಕೆಲ್ಲ ಹರಸುತ್ತಾನೆ. ಕಿವಿ ಹಿಂಡಿ ಪೂರ್ತಿ ಬರೆಸಿದೆ. ಹಾಗೆ ಅವನು ಕೇಳುವವರ ಸಾಲಿನಿಂದ ಹೇಳುವವರ ಸಾಲಿಗೆ ಬಂದ, ಅವನಿಗೇ ಗೊತ್ತಾಗದೆ.

ಈ ಸಾಫ್ಟ್‌ವೇರ್ ಹುಟ್ಟಿದ್ದೂ ಹಂಚಿಕೊಳ್ಳುವ ಗೋಳಿನಿಂದಲೇ. ಜಾನ್ ಹಂಟರ್ ಅಮೆರಿಕದ ನರವಿಜ್ಞಾನಿ. ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡುವುದು ಕೆಲಸ. ಲ್ಯಾಬಿನಲ್ಲಿದ್ದ ದುಡ್ಡಿನ ಸಾಫ್ಟ್‌ವೇರಿಗೆ ಲೈಸೆನ್ಸು ಒಂದೇ. ವಿದ್ಯಾರ್ಥಿಗಳು, ಸಂಶೋಧಕರು ಎಲ್ಲರೂ ಆ ಲೈಸೆನ್ಸಿನ ಕೀಲಿಯಾದ ಒಂದು ಪುಟ್ಟ ಡಾಂಗಲ್‌ಗಾಗಿ ಸರದಿ ಕಾಯುತ್ತಿದ್ದರು. ಸಾಕಾಗಿ ಹಂಟರ್ ತಾನೇ ಒಂದು ಬರೆದು 2003ರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ. 2012ರಲ್ಲಿ ತೀರಿಕೊಂಡ. ಬಳಸುತ್ತಿದ್ದವರು ಕೈಬಿಡಲಿಲ್ಲ, ಇವತ್ತಿಗೂ ಅವರೇ ನಡೆಸುತ್ತಾರೆ.

ಇಷ್ಟು ಕೇಳಿದ್ದೇ ತಡ, ಅಳಿಯನಿಗೆ ಸೇವೆ ಮಾಡುವ ಹುಮ್ಮಸ್ಸು. ಅದನ್ನು ನಡೆಸುವವರ ಬಳಿ ಹೊಸಬರಿಗೆಂದು ಗುರುತು ಹಾಕಿಟ್ಟ ಸಣ್ಣಪುಟ್ಟ ಕೆಲಸಗಳಿರುತ್ತವೆ: ವಿವರಣೆಯಲ್ಲಿ ಬಿಟ್ಟುಹೋದ ಸಾಲು, ಅರ್ಥವಾಗದ ಉದಾಹರಣೆ. ಅಲ್ಲಿ ಹೋದರೆ ಆಗಲೇ ಹತ್ತಾರು ಜನ ‘ಪ್ಲೀಸ್, ಇದು ನಂಗೇ ಕೊಡಿ’ ಅಂತ ನಿಂತಿದ್ದಾರೆ, ಕೆಂಪು ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಮ್ಯಾಟ್‌ಪ್ಲಾಟ್‌ಲಿಬ್‌ನವರಲ್ಲಿ ಟವೆಲ್ ನಡೆಯುವುದಿಲ್ಲ. ಕೆಲಸವನ್ನು ಸಾಮಾನ್ಯವಾಗಿ ಯಾರ ಹೆಸರಿಗೂ ಬರೆದುಕೊಡುವುದಿಲ್ಲ, ಮಾಡಿ ತಂದವನದೇ ಕೆಲಸ. ಇದು ನನಗೆ ಬಹಳ ಹಿಡಿಸಿತು. ನಮ್ಮ ಸಂಘಗಳಲ್ಲೂ ಬಂದರೆ ಅರ್ಧ ಪದಾಧಿಕಾರಿಗಳು ಮನೆಗೆ ಹೋಗಬೇಕಾದೀತು, ಅದು ಬೇರೆ ಮಾತು.

ಮಾಡುವುದೇನು ಅಂತ ಅವನು ತಲೆ ಕೆರೆಯುತ್ತಿರುವಾಗ ಕೆಲಸ ಅವನ ಗ್ರಾಫಿನಲ್ಲೇ ಇತ್ತು. ತಲೆಬರಹದಲ್ಲಿ ‘ಕೃಷ್ಣರಾಜಸಾಗರ’ ಅಂತ ಹಾಕಿದ್ದ. ಕಂಡದ್ದು ಸಾಲಾಗಿ ಖಾಲಿ ಚೌಕಗಳು, ಏಕೆಂದರೆ ಜೊತೆಗೆ ಬರುವ ಡೇಜಾವೂ ಸ್ಯಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿಸಿದೆ. ಅಕ್ಷರ ಬಂತು, ಒತ್ತು ಮಾತ್ರ ಕೆಳಗಿಳಿಯಲಿಲ್ಲ. ನಮ್ಮ ಲಿಪಿಗಳನ್ನು ಹೆಣೆದು ಕೂರಿಸುವ ಜಾಣ್ಮೆ ಬಹುಕಾಲ ಇದಕ್ಕಿರಲಿಲ್ಲ, ಸರಿಪಡಿಸಲು ಈಚೆಗೆ ಕೈಹಾಕಿದ್ದಾರೆ. ಆದರೆ ಕೋಡ್ ಬರೆಯುವ ಮಹಾಶಯನಿಗೆ ಕನ್ನಡ ಓದಲು ಬರಬೇಕಲ್ಲ. ಮೂಡಿದ್ದು ಸರಿಯೋ ತಪ್ಪೋ, ಓದಬಲ್ಲವರು ನೋಡಿ ಹೇಳಬೇಕು.

“ನೀನೇ ನೋಡಿ ಬರಿ” ಅಂದೆ.

“ಮಾವ, ನಂದು ಇಂಗ್ಲಿಷ್ ಮೀಡಿಯಮ್ಮು. ಒತ್ತಕ್ಷರ ಅಷ್ಟು ಗ್ಯಾರಂಟಿ ಇಲ್ಲ. ಅಮ್ಮನ್ನ ಕರೀಲಾ?”

ಅಕ್ಕ ಪ್ರೈಮರಿ ಸ್ಕೂಲಿನ ಮೇಡಮ್ಮು, ಕಂಪ್ಯೂಟರ್ ಎಂದರೆ ಮಾರು ದೂರ. ಅಡುಗೆಮನೆಯಿಂದ ಬಂದವಳು ಕನ್ನಡಕ ಏರಿಸಿ ಪರದೆಗೆ ಬಗ್ಗಿದಳು.

“ಯಾವನೋ ಇದನ್ನ ಬರ್ದೋನು? ಷ ಒಂದ್ ಕಡೆ, ಣ ಒಂದ್ ಕಡೆ! ಎಲ್ಲೋ ನನ್ ಕೆಂಪು ಪೆನ್ನು?”