ನೂರಾ ಎಂಟು ಮೆಗಾಪಿಕ್ಸೆಲ್ಲಿನ ಕುರುಡು

ನೂರಾ ಎಂಟಕ್ಕೆ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಜಪಮಾಲೆಯ ಮಣಿ ನೂರಾ ಎಂಟು. ದೇವರ ನಾಮ ನೂರಾ ಎಂಟು. ಆಂಬುಲೆನ್ಸಿನ ನಂಬರು ನೂರಾ ಎಂಟು. ಈಗ ಮೊಬೈಲಿನ ಕ್ಯಾಮೆರಾಕ್ಕೂ ನೂರಾ ಎಂಟು. ಭಕ್ತರಿಗೆ ಇನ್ನೇನು ಬೇಕು?

“ಸರ, ಇದಕ್ಕ ಫೋನ್ ಅನಬ್ಯಾಡ್ರಿ, ಕ್ಯಾಮೆರಾ ಅನ್ರಿ” ಎಂದಿದ್ದ ಮುಧೋಳದ ಅಂಗಡಿಯ ಹುಡುಗ. ಅವನು ಆಡಿದ್ದರಲ್ಲಿ ನಿಜವಾದ ಮಾತು ಅದೊಂದೇ. ಕೆಲವು ವರ್ಷ ಬಳಸಿದ ಮೇಲೆ ಹೇಳುತ್ತಿದ್ದೇನೆ: ಇದು ಫೋನ್ ಅಲ್ಲ. ಮನೆಯೊಳಗೆ ನಿಂತರೆ ಆ ಕಡೆಯವರ ಮಾತು ಅರ್ಧ ಕೇಳುತ್ತದೆ, ಅರ್ಧ ಊಹಿಸಬೇಕು. ಕ್ಯಾಮೆರಾ ಹೌದೋ ಅಲ್ಲವೋ, ಅದನ್ನು ಈಗ ನೋಡೋಣ.

ಮೊದಲು ಲೆಕ್ಕ. 2019ರಲ್ಲಿ ಸ್ಯಾಮ್‌ಸಂಗ್ ಮತ್ತು ಶಓಮಿ ಸೇರಿ ಮೊಬೈಲಿಗೆ 108 ಮೆಗಾಪಿಕ್ಸೆಲ್ಲಿನ ಸೆನ್ಸರ್ ತಂದವು. ಅದರ ಒಂದೊಂದು ಪಿಕ್ಸೆಲ್ಲಿನ ಅಗಲ 0.8 ಮೈಕ್ರೋಮೀಟರ್. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಎಷ್ಟು ತಾನೆ ಹಿಡಿಸೀತು? ಸಂಜೆಯಾದರೆ ಚಿತ್ರದ ತುಂಬ ಕಾಳುಕಾಳು. ಅದಕ್ಕೆ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡುವ ಉಪಾಯ ಬಂತು. ನೂರಾ ಎಂಟನ್ನು ಒಂಬತ್ತರಿಂದ ಭಾಗಿಸಿ. ಹನ್ನೆರಡು. ಗುಂಡಿ ಒತ್ತಿದಾಗ ನಿಮ್ಮ ಕೈಗೆ ಬರುವುದು ಆ ಹನ್ನೆರಡು.

2021ರಲ್ಲಿ 200 ಮೆಗಾಪಿಕ್ಸೆಲ್ಲಿನ ಸೆನ್ಸರ್ ಬಂತು. ಅಲ್ಲಿ ಹದಿನಾರು ಸೇರಿ ಒಂದು. ಕೈಗೆ ಬರುವುದು ಹನ್ನೆರಡೂವರೆ. ನೂರಾ ಎಂಟರಿಂದ ಇನ್ನೂರಕ್ಕೆ ಹಾರಿದ ಈ ಪ್ರಗತಿಯ ನಿವ್ವಳ ಲಾಭ ಅರ್ಧ ಮೆಗಾಪಿಕ್ಸೆಲ್. ಆ ಅರ್ಧಕ್ಕೆ ಹಳೆಯ ಫೋನ್ ಕೊಟ್ಟು, ಮೇಲೆ ಕಂತು ಕಟ್ಟಿದವರು ನಮ್ಮ ಓಣಿಯಲ್ಲೇ ಇದ್ದಾರೆ.

ಪೂರ್ತಿ ನೂರಾ ಎಂಟೂ ಸಿಗುವುದಿಲ್ಲವೇ? ಸಿಗುತ್ತದೆ. ಮೆನುವಿನೊಳಗೆ ಇಳಿದು ಹುಡುಕಬೇಕು, ಅಷ್ಟೇ. ಜೊತೆಗೆ ಒಳ್ಳೆಯ ಬಿಸಿಲು ಬೇಕು. ಬಿಸಿಲಿಗೆ ಮುಧೋಳದಲ್ಲಿ ಬರವಿಲ್ಲ. ಆದರೆ ನಮ್ಮ ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದಿಲ್ಲ. ಏಪ್ರಿಲ್ಲಿನ ಮಧ್ಯಾಹ್ನ ಹಟ ಹಿಡಿದು ಹೊರಗೆ ತೆಗೆದರೆ ಅದೇ ಹೇಳುತ್ತದೆ: ಫೋನ್ ಬಿಸಿಯಾಗಿದೆ, ಕ್ಯಾಮೆರಾ ಮುಚ್ಚಲಾಗುತ್ತಿದೆ. ಕತ್ತಲೆಯಲ್ಲಿ ಕಾಣದ, ಬಿಸಿಲಲ್ಲಿ ಕಣ್ಣು ಮುಚ್ಚುವ ಕ್ಯಾಮೆರಾ. ಬಹುಶಃ ಅದನ್ನು ಎರಡು ಮೋಡಗಳ ನಡುವೆ ಬಳಸಬೇಕು.

ಇಷ್ಟು ಕಷ್ಟಪಟ್ಟು ತೆಗೆದ ಚಿತ್ರವನ್ನು ನಾವು ಏನು ಮಾಡುತ್ತೇವೆ? ವಾಟ್ಸಾಪಿಗೆ ಹಾಕುತ್ತೇವೆ. ವಾಟ್ಸಾಪ್ ಅದನ್ನು ಹಿಂಡಿ ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್ ಉಳಿಸುತ್ತದೆ. ಅಂದರೆ ಎರಡು ಮೆಗಾಪಿಕ್ಸೆಲ್ಲಿನ ಆಸುಪಾಸು. 2023ರ ಆಗಸ್ಟ್‌ನಲ್ಲಿ ಎಚ್‌ಡಿ ಗುಂಡಿ ಕೊಟ್ಟರು. ಅದನ್ನು ಒತ್ತುವವರನ್ನು ನಾನಿನ್ನೂ ಕಂಡಿಲ್ಲ. 2005ರ ನೋಕಿಯಾ ಎನ್70ರಲ್ಲಿ ಎರಡೇ ಮೆಗಾಪಿಕ್ಸೆಲ್ ಇತ್ತು. ಅದರಲ್ಲಿ ಮಾತೂ ಕೇಳುತ್ತಿತ್ತು.

ಹಿಂಬದಿಯಲ್ಲಿ ನಾಲ್ಕು ಕಣ್ಣು. ದುಡಿಯುವುದು ಒಂದು. ಇನ್ನೊಂದು ಆಗೀಗ. ಉಳಿದೆರಡು ತಲಾ ಎರಡು ಮೆಗಾಪಿಕ್ಸೆಲ್ಲಿನವು, ಕೋರಂ ತುಂಬಿಸಲು ಕರೆತಂದ ಪಂಚಾಯಿತಿ ಸದಸ್ಯರ ಹಾಗೆ. ಸಹಿ ಹಾಕಿ ಕೂರುತ್ತವೆ. ಬಾಯಿ ಬಿಡುವುದಿಲ್ಲ.

ಇನ್ನು ಬಣ್ಣದ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು. ಹೊಟ್ಟೆ ಉರಿಯುವುದು ಇಲ್ಲೇ.

ನಮ್ಮ ಕಾಕಾ ಕಬ್ಬಿನ ಹೊಲದಲ್ಲಿ ಬೆಂದು ಬಂದ ಮನುಷ್ಯ. ಮುಖದ ಬಣ್ಣ ಎರೆಮಣ್ಣಿನದು. ಅವರದೊಂದು ಫೋಟೋ ತೆಗೆದೆ. ಬ್ಯೂಟಿ ಎಂಬ ಆಯ್ಕೆಯನ್ನು ನಾನು ಒತ್ತಿರಲಿಲ್ಲ. ಕಂಪನಿಯವರೇ ಒತ್ತಿ ಕಳಿಸಿದ್ದರು. ಸುಕ್ಕು ಹೋಯಿತು. ಕೆನ್ನೆಗೆ ಗುಲಾಬಿ ಬಂತು. ಇಡೀ ಜನ್ಮದ ದುಡಿಮೆ ಅರೆಗಳಿಗೆಯಲ್ಲಿ ಅಳಿಸಿಹೋಯಿತು. ಕಾಕಾ ಕನ್ನಡಕ ಏರಿಸಿ ನೋಡಿದರು. “ಇಂವ ಯಾರೋ ತಮ್ಮಾ? ದವಾಖಾನ್ಯಾಗಿಂದ ಈಗ ಎದ್ದು ಬಂದಾಂವ ಕಂಡಂಗ ಕಾಣ್ತಾನ” ಎಂದರು.

ಹಿಂದಿನ ಫಿಲ್ಮ್ ಕಾಲದಲ್ಲೂ ಬಣ್ಣದ ಅಳತೆಗೋಲು ಬಿಳಿ ಹೆಂಗಸಿನ ಮುಖವೇ ಆಗಿತ್ತು. ಕೊಡಾಕ್ ಪ್ರಯೋಗಾಲಯಗಳು ಅಂಥ ಕಾರ್ಡು ಇಟ್ಟುಕೊಂಡೇ ಬಣ್ಣ ಹೊಂದಿಸುತ್ತಿದ್ದವು. ಕಪ್ಪು ಚರ್ಮವನ್ನು ಕಪ್ಪಾಗಿಯೇ ಚೆಂದ ತೋರಿಸುತ್ತೇವೆ ಎಂದು ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ ‘ರಿಯಲ್ ಟೋನ್’ ತಂದದ್ದು 2021ರಲ್ಲಿ. ಇದ್ದ ಮುಖವನ್ನು ಇದ್ದ ಹಾಗೆ ತೋರಿಸುವುದೇ ಒಂದು ವಿಶೇಷ ಸೌಲಭ್ಯವಾಯಿತು. ಅದಕ್ಕೂ ದುಡ್ಡು ಕೊಡಬೇಕು.

ಆದರೆ ಕಂಪನಿಯನ್ನಷ್ಟೇ ಬೈದರೆ ಅನ್ಯಾಯ. ಕೊಳ್ಳುವವರು ಕೇಳಿದ್ದೇ ಬಿಳುಪನ್ನು. ಸರ್ಕಲ್ಲಿನ ಫ್ಲೆಕ್ಸ್ ನೋಡಿ. ಹುಟ್ಟುಹಬ್ಬದ ನಾಯಕರಿಂದ ಹಿಡಿದು ಕೆಳಗಿನ ಸಾಲಿನ ಹಿತೈಷಿಗಳವರೆಗೆ ಎಲ್ಲರೂ ಒಂದೇ ಬಿಳುಪು. ಯಾರೂ ಈ ಊರಿನವರಲ್ಲ. ‘ಮಣ್ಣಿನ ಮಗ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಮುಖದಲ್ಲಿ ಮಣ್ಣಿನ ಸುಳಿವಿಲ್ಲ.

ನಾಯಿಯ ಮಾತು ಬಿಟ್ಟರೆ ಮುಧೋಳದ ಬರಹ ಮುಗಿಯುವುದಿಲ್ಲ. ನಮ್ಮ ಮುಧೋಳ ನಾಯಿ ವಾಸನೆ ಹಿಡಿಯುವುದಕ್ಕಿಂತ ಕಣ್ಣಿನಿಂದ ಬೇಟೆಯಾಡುವ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ಸೈನ್ಯ ಸೇರಿತು. 2020ರಲ್ಲಿ ಪ್ರಧಾನಿ ಅದನ್ನು ‘ಮನ್ ಕಿ ಬಾತ್’ನಲ್ಲಿ ಹೊಗಳಿದರು. ಮರುದಿನದಿಂದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಎಲ್ಲಿ ಎಂದು ನನಗೂ ಫೋನು. ನಾಯಿಯ ಫೋಟೋ ಕಳಿಸಿ ಎಂದು ಬೆಂಗಳೂರಿನ ನೆಂಟರ ದುಂಬಾಲು.

ಪೋರ್ಟ್ರೇಟ್ ಎಂಬ ಮಾಯೆಯಲ್ಲಿ ತೆಗೆದೆ. ಹಿನ್ನೆಲೆ ಮಸುಕಾಗಬೇಕು, ನಾಯಿ ನಿಚ್ಚಳವಾಗಬೇಕು. ಬಾಲ ಮಾಯ. ತೆಳ್ಳಗಿನ ಬಾಲವನ್ನು ಫೋನಿನ ಬುದ್ಧಿ ಹಿನ್ನೆಲೆಗೆ ಸೇರಿಸಿತ್ತು. ಒಂದು ಕಿವಿಯನ್ನೂ. ಓಡುವಾಗ ತೆಗೆಯೋಣವೆಂದರೆ ಗುಂಡಿ ಒತ್ತಿದ ಮೇಲೆ ಫೋನು ಯೋಚನೆಗೆ ಕೂತಿತು. ಯೋಚನೆ ಮುಗಿದಾಗ ಚಿತ್ರದಲ್ಲಿ ಉಳಿದದ್ದು ಬದು, ಜಾಲಿಗಿಡ, ಧೂಳು. ನಾಯಿ ಪಕ್ಕದ ಹೊಲ ದಾಟಿತ್ತು. ಬೆಂಗಳೂರಿನವರು ಧೂಳನ್ನೇ ನೋಡಿ “ವಾವ್” ಎಂದರು.

ಫೋನಿಗೆ ಇದ್ದದ್ದು ಕಾಣದಿದ್ದರೂ ಇಲ್ಲದ್ದು ಚೆನ್ನಾಗಿ ಕಾಣುತ್ತದೆ. 2023ರ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬೇಕೆಂದೇ ಮಸುಕು ಮಾಡಿ, ಕೋಣೆಯ ದೀಪ ಆರಿಸಿ, ದೂರ ನಿಂತು ಸ್ಯಾಮ್‌ಸಂಗ್ ಫೋನಿನಿಂದ ಆ ಪರದೆಯ ಫೋಟೋ ತೆಗೆದ. ಮಸುಕು ಚಂದ್ರನ ಮೇಲೆ ಕುಳಿಗಳು ಮೂಡಿದವು. ಇಲ್ಲದ ವಿವರವನ್ನು ಫೋನೇ ತುಂಬಿತ್ತು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸಲು ಕೃತಕ ಬುದ್ಧಿಮತ್ತೆ ಬಳಸುತ್ತೇವೆ ಎಂದು ಕಂಪನಿಯೂ ವಿವರಿಸಿತು. ಫೋನಿಗೆ ಚಂದ್ರನ ನೆನಪಿತ್ತು. ನೋಡುವ ಕಷ್ಟ ಯಾಕೆ?

ಜಾಹೀರಾತುಗಳ ಕಥೆ ಇನ್ನೂ ಸ್ವಾರಸ್ಯ. 2012ರಲ್ಲಿ ನೋಕಿಯಾ ತನ್ನ ಲೂಮಿಯಾ 920ರ ವಿಡಿಯೊ ನೋಡಿ, ಎಷ್ಟು ನಿಶ್ಚಲ ನೋಡಿ ಎಂದಿತು. ವಾಹನವೊಂದರ ಕಿಟಕಿಗಾಜಿನಲ್ಲಿ ದೊಡ್ಡ ಕ್ಯಾಮೆರಾ ಹಿಡಿದವನ ಪ್ರತಿಬಿಂಬ ಸಿಕ್ಕಿತು. ಕ್ಷಮೆ ಕೇಳಿದರು. 2018ರಲ್ಲಿ ಹುವಾವೆಯ ಸೆಲ್ಫಿ ಜಾಹೀರಾತಿನ ನಟಿ ಚಿತ್ರೀಕರಣದ ಫೋಟೋವನ್ನು ತಾನೇ ಇನ್‌ಸ್ಟಾಗ್ರಾಂಗೆ ಹಾಕಿದಳು. ಅವಳ ಮುಂದೆ ನಿಂತಿದ್ದದ್ದು ಡಿಎಸ್‌ಎಲ್‌ಆರ್. ಫೋನು ಮಾರಲು ಕ್ಯಾಮೆರಾ ಬೇಕು. ನಮಗೆ ಮಾತ್ರ ಫೋನೇ ಸಾಕು.

ವಯಸ್ಸಾದಂತೆ ಏನಾಗುತ್ತದೆ ಎಂದು ಯಾವ ಜಾಹೀರಾತೂ ಹೇಳುವುದಿಲ್ಲ. ಲೆನ್ಸಿನ ಗಾಜು ಗೀರುತ್ತದೆ. ನಮ್ಮಲ್ಲಿ ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ಯಾವ ಗಾಜನ್ನೂ ಬಿಡುವುದಿಲ್ಲ. ಆಮೇಲೆ ಎಲ್ಲ ದೀಪಕ್ಕೂ ಬಾಲ ಬರುತ್ತದೆ. (ನಾಯಿಯ ಬಾಲ ಎಲ್ಲಿ ಹೋಯಿತೆಂದು ಆಗ ತಿಳಿಯಿತು.) ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ. ಅಪ್‌ಡೇಟ್ ನಿಲ್ಲುತ್ತದೆ. ಮೆಮೊರಿ ತುಂಬಿತೆಂದು ಕೂಗುತ್ತದೆ. ತುಂಬಿದ್ದು ಯಾವುದರಿಂದ? ಶುಭೋದಯದ ಗುಲಾಬಿಗಳಿಂದ. ರಿಪೇರಿಗೆ ಕೊಂಡೊಯ್ದೆ. “ಇದು ಹಳೇದಾತ್ರಿ, ಹೊಸಾದು ತಗೋರಿ, ಇನ್ನೂರು ಬಂದೈತಿ” ಎಂದರು.

ಇಷ್ಟೇ ಆಗಿದ್ದರೆ ಒಂದು ಫೋನಿನ ಗೋಳು ಎಂದು ಸುಮ್ಮನಾಗುತ್ತಿದ್ದೆ. ಆದರೆ ಇಂಥ ಸುಳ್ಳು ಹೇಳುವ ಪೆಟ್ಟಿಗೆಯನ್ನೇ ಸರ್ಕಾರ ಸಾಕ್ಷಿಕಟ್ಟೆಗೆ ಹತ್ತಿಸಿದೆ.

2020ರಿಂದ ರೈತ ತನ್ನ ಬೆಳೆಯ ಫೋಟೋವನ್ನು ತಾನೇ ತೆಗೆದು ಬೆಳೆ ಸಮೀಕ್ಷೆಯ ಆ್ಯಪಿಗೆ ಹಾಕಬೇಕು. ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲಕ್ಕೂ ಆ ದಾಖಲೆಯೇ ಆಧಾರ. ಹೊಲದಲ್ಲಿ ನಿಂತ ಬೆಳೆ ಸಾಲದು. ಫೋನಿನಲ್ಲಿ ನಿಲ್ಲಬೇಕು. ಅದಕ್ಕೆ ನೆಟ್‌ವರ್ಕ್ ಬೇಕು. ಹೊಲದಲ್ಲಿ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇರುವಲ್ಲಿ ಹೊಲ ಇಲ್ಲ.

ಉದ್ಯೋಗ ಖಾತರಿಯ ಹಾಜರಿ ನೋಡಿ. 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ಕೂಲಿಕಾರರನ್ನು ದಿನಕ್ಕೆ ಎರಡು ಸಲ ಸಾಲಾಗಿ ನಿಲ್ಲಿಸಿ ಫೋಟೋ. ಸ್ಥಳದ ಗುರುತು, ಸಮಯದ ಗುರುತು, ಎಲ್ಲ ಉಂಟು. ಕಳ್ಳ ಹಾಜರಿ ನಿಲ್ಲಿಸುವುದು ಉದ್ದೇಶ. ಸರ್ವರ್ ಏಳದಿದ್ದರೆ ಬಗೆದ ಮಣ್ಣಿಗೂ ಕೂಲಿ ಇಲ್ಲ. ಇತ್ತ ಕಳ್ಳರೇನು ಮಾಡಿದರು? ಫೋಟೋದ ಫೋಟೋ ತೆಗೆದರು. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಹೇಳಿತು: ಸಂಬಂಧವಿಲ್ಲದ ಚಿತ್ರಗಳು ಬರುತ್ತಿವೆ, ಚಿತ್ರದಿಂದ ಚಿತ್ರ ತೆಗೆದು ಹಾಕುತ್ತಿದ್ದಾರೆ. ಎರಡೂವರೆ ವರ್ಷ ಬೇಕಾಯಿತು ಇದು ಕಾಣಲು. ಯಾವ ಮೆಗಾಪಿಕ್ಸೆಲ್ಲಿನ ಕಣ್ಣೋ!

ಜನರಾದರೂ ಕಡಿಮೆಯೇ? 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿತು. ನದಿಯಂಚಿನ ಹಳ್ಳಿಗಳು ಖಾಲಿಯಾದವು. ಯಾದವಾಡ ಸೇತುವೆಯ ಕಡೆ ನೀರು ನೋಡಲು ಹೋದವರ ಕೈಯಲ್ಲೆಲ್ಲ ಮೊಬೈಲು. ಪರಿಹಾರ ಹಂಚುವವರ ಕೈಯಲ್ಲೂ. ಒಂದು ಚಾದರ, ಅದನ್ನು ಹಿಡಿದ ಎಂಟು ಕೈ. ಪಡೆಯುವ ಮುದುಕಿಗೆ ಆಜ್ಞೆ: “ಎವ್ವಾ, ಈ ಕಡೆ ನೋಡು. ಸ್ವಲ್ಪ ನಗು.” ಮನೆ ಬಿದ್ದವಳು ನಗಬೇಕಂತೆ. ಫೋಟೋ ಸರಿ ಬರಲಿಲ್ಲವೆಂದು ಚಾದರವನ್ನು ವಾಪಸ್ ಇಸಿದುಕೊಂಡು ಮತ್ತೆ ಕೊಟ್ಟರು.

2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಹದಿನೆಂಟರ ಹುಡುಗ ರಸ್ತೆಯಲ್ಲಿ ಬಿದ್ದು ನೆರವಿಗಾಗಿ ಅಂಗಲಾಚುತ್ತಿದ್ದ. ಸುತ್ತ ನಿಂತವರು ವಿಡಿಯೊ ಮಾಡುತ್ತಿದ್ದರು. ಹುಡುಗ ಉಳಿಯಲಿಲ್ಲ. ವಿಡಿಯೊ ಉಳಿಯಿತು. ಇದರಲ್ಲಿ ವ್ಯಂಗ್ಯ ಮಾಡಲು ನನ್ನ ಕೈ ಬರುವುದಿಲ್ಲ. ನೂರಾ ಎಂಟು ಒತ್ತಿದರೆ ಆಂಬುಲೆನ್ಸ್ ಬರುವ ರಾಜ್ಯ ಇದು, 2008ರಿಂದ. ಅದೇ ಫೋನಿನಿಂದಲೇ ಒತ್ತಬಹುದು.

ಈಗ ನಮ್ಮ ಓಣಿಯ ವಿಷಯ. ರಸ್ತೆಯಲ್ಲಿ ಗುಂಡಿ ಬಿದ್ದಿದೆ. ಬಿದ್ದು ಬಹಳ ದಿನವಾಯಿತು. ಕಚೇರಿಗೆ ಅರ್ಜಿ ಕೊಟ್ಟೆವು. “ಫೋಟೋ ಹಚ್ಚಿರೇನು?” ಎಂದರು. ತೆಗೆದು ಕಳಿಸಿದೆ. ಸಂಜೆಯ ಹೊತ್ತು, ಮಳೆ ನಿಂತಿತ್ತು. ಫೋನು ತನ್ನ ಬುದ್ಧಿಯನ್ನೆಲ್ಲ ಉಪಯೋಗಿಸಿತು. ಕೆಸರಿಗೆ ಹೊಂಬಣ್ಣ ಬಳಿಯಿತು. ಅಂಚುಗಳನ್ನು ನಯ ಮಾಡಿತು. ಗುಂಡಿಯ ನೀರಿನಲ್ಲಿ ಕೆಂಪು ಆಕಾಶ ಇಳಿದಿತ್ತು. ಮಗಳು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಳು. “ಎಲ್ಲಿ ಕೆರಿ ಇದು? ಭಾರಿ ಐತಿ” ಎಂದು ಗೆಳತಿಯರು ಕೇಳಿದರು.

ಕಚೇರಿಯವರು ಕೇಳಲೂ ಇಲ್ಲ. “ಫೋಟೋದಾಗ ಏನೂ ತ್ರಾಸ ಕಾಣಂಗಿಲ್ಲಲ್ರಿ” ಎಂದು ಕಡತ ಮುಚ್ಚಿದರು. ಅದೇ ವಾರ ಆ ಗುಂಡಿಯಲ್ಲಿ ಹಾಲಿನವನ ಬೈಕು ಬಿತ್ತು. ಕೈ ಮುರಿಯಿತು. ಅದನ್ನೂ ಒಬ್ಬರು ತೆಗೆದಿದ್ದಾರೆ, ಬೇಕಾದರೆ ಫಾರ್ವರ್ಡ್ ಮಾಡಿಸುತ್ತೇನೆ.

ಸಾಹೇಬರೇ, ಇನ್ನೊಂದು ಫೋಟೋ ಕಳಿಸಿ ಎಂದು ಮತ್ತೆ ಕೇಳಬೇಡಿ. ಕಳಿಸುವುದಿಲ್ಲ. ನಿಮ್ಮ ಕಚೇರಿಯಿಂದ ನಮ್ಮ ಓಣಿಗೆ ಹತ್ತು ನಿಮಿಷದ ದಾರಿ. ಮೊಬೈಲನ್ನು ಮೇಜಿನ ಮೇಲೆ ಬಿಟ್ಟು ನಡಕೊಂಡು ಬರ್ರಿ. ಗುಂಡಿ ಎಲ್ಲೈತಿ ಅಂತ ಯಾರನ್ನೂ ಕೇಳೋದು ಬ್ಯಾಡ, ಕಾಲಿಗೇ ತಿಳೀತೈತಿ.