ಓದುವವರಿಲ್ಲದ ಗ್ರಂಥದ ಕರ್ತೃಗಳಿಗೆ

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡು ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತ, ಈಗ ವೃತ್ತಿಪರ ಸಂವಹನವೆಂಬ ವಿಷಯದ ಅಂತಿಮ ಪ್ರಾಜೆಕ್ಟನ್ನು ರಚಿಸಲು ಕಂಕಣಬದ್ಧರಾಗಿರುವ ಚಿರಂಜೀವಿಗಳಾದ ಐವರು ತರುಣರಿಗೂ, ನಾಡಿನಾದ್ಯಂತ ಅದೇ ಸತ್ಕಾರ್ಯದಲ್ಲಿ ತೊಡಗಿರುವ ಸಮಸ್ತ ತಂಡಗಳಿಗೂ, ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರನು ಮಾಡುವ ಆಶೀರ್ವಾದಗಳು.

ತರುವಾಯ ತಿಳಿಸುವುದೇನೆಂದರೆ, ನೀವು ಜಗಲಿಯ ಮೇಲೆ ಮರೆತುಹೋದ ಯೋಜನಾಪತ್ರವನ್ನು, ಪರರ ಕಾಗದವನ್ನು ಓದಲಾಗದೆಂಬ ನೀತಿಯನ್ನು ಬಲ್ಲವನಾಗಿಯೂ, ಜೀವಮಾನವೆಲ್ಲ ಪರರ ಕಾಗದಗಳನ್ನು ಓದಿಯೇ ಅನ್ನ ಉಂಡವನಾದುದರಿಂದ, ಆದ್ಯಂತವಾಗಿ ಓದಿ ವಿಸ್ಮಿತನಾದೆನು. ಪ್ರಾಜೆಕ್ಟಿನ ಶೀರ್ಷಿಕೆಯು ‘ಆಧುನಿಕ ಯುಗದಲ್ಲಿ ಪರಿಣಾಮಕಾರಿ ಸಂವಹನದ ಮಹತ್ತ್ವ’ ಎಂಬುದಾಗಿಯೂ, ಪುಟಗಳು ಅರುವತ್ತಕ್ಕೆ ಕಡಮೆಯಾಗಕೂಡದೆಂದೂ, ಅಕ್ಷರವು ಟೈಮ್ಸ್ ನ್ಯೂ ರೋಮನ್ 12 ಆಗಿದ್ದು ಸಾಲುಗಳ ನಡುವೆ ಒಂದೂವರೆ ಅಂತರವಿರತಕ್ಕುದೆಂದೂ, ಹೊದಿಕೆಯು ಕಪ್ಪು ರೆಕ್ಸಿನ್ನಿನದಾಗಿ ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳು ಮುದ್ರಿತವಾಗಬೇಕೆಂದೂ, ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕಳೆದ ವರ್ಷದ ಸೀನಿಯರುಗಳ ಸಾಫ್ಟ್ ಕಾಪಿ ದೊರೆಯುವುದೆಂದೂ ಅಲ್ಲಿ ಸವಿಸ್ತಾರವಾಗಿ ನಮೂದಾಗಿದೆ. ಇಷ್ಟೆಲ್ಲ ನಿಷ್ಕರ್ಷೆಯಾದ ಬಳಿಕ, ಈ ಗ್ರಂಥವನ್ನು ಯಾರು ಓದುವರು, ಓದಿ ಏನು ಮಾಡುವರು ಎಂಬ ಕ್ಷುದ್ರಪ್ರಶ್ನೆಗೆ ಸ್ಥಳ ಉಳಿಯದಿದ್ದುದು ಸಹಜವೇ.

ಕೃತಜ್ಞತೆಯ ಪುಟವಂತೂ ಈಗಾಗಲೇ ಸಿದ್ಧವಾಗಿದೆ. ವಿಷಯವು ಇನ್ನೂ ಹುಟ್ಟದಿರುವಾಗಲೇ ಅದಕ್ಕೆ ಕಾರಣರಾದವರಿಗೆ ವಂದನೆಯನ್ನು ಸಲ್ಲಿಸುವ ಈ ಮುನ್ನೆಚ್ಚರಿಕೆ ಶ್ಲಾಘ್ಯವಾದದ್ದು. ಸಂಸ್ಥೆಯ ಅಧ್ಯಕ್ಷರಿಂದ ತೊಡಗಿ, ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು, ಲ್ಯಾಬಿನ ಸಿಬ್ಬಂದಿ, ತಂದೆತಾಯಿಗಳವರೆಗೆ ಅಂತಸ್ತಿನ ಕ್ರಮದಲ್ಲಿ ಇಳಿದುಬರುವ ಆ ವಿಶೇಷಣಗಳ ಧಾರೆಯನ್ನು ಓದುವಾಗ ನನಗೆ ನಮ್ಮ ಶಿಲಾಶಾಸನಗಳ ಬಿರುದಾವಳಿಯು ನೆನಪಿಗೆ ಬಂದಿತು. ಆದರೆ ಶಾಸನವನ್ನು ಬರೆದ ಸೇನಬೋವನು, ಅರಸನ ಬಿರುದುಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ, ದತ್ತಿಯಾಗಿ ಬಿಟ್ಟ ಭೂಮಿ ಎಷ್ಟು, ಮೂಡಣ ಎಲ್ಲೆ ಯಾವ ಕಲ್ಲು, ಪಡುವಣ ಎಲ್ಲೆ ಯಾವ ಹಳ್ಳ, ಸಾಕ್ಷಿಗಳಾರು, ಅಳಿದವನಿಗೆ ತಟ್ಟುವ ಪಾಪವೇನು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ನಮೂದಿಸುತ್ತಿದ್ದನು. ಏಕೆಂದರೆ ಶತಮಾನಗಳಾಚೆ ಒತ್ತುವರಿಗೆ ಹೊರಟ ನೆರೆಹೊಲದವನು ಆ ಕಲ್ಲಿನ ಮುಂದೆ ಬಂದು ನಿಲ್ಲುವನೆಂಬುದು ಅವನಿಗೆ ಗೊತ್ತಿತ್ತು. ನೀವು ಬಿರುದಾವಳಿಯನ್ನು ಮಾತ್ರ ಸ್ವೀಕರಿಸಿ ಎಲ್ಲೆಕಟ್ಟನ್ನು ಕೈಬಿಟ್ಟಿರುವುದರಿಂದ, ನಿಮ್ಮ ಗ್ರಂಥದ ಮೇಲೆ ಒತ್ತುವರಿಯ ಭಯವೇನೂ ಇಲ್ಲ.

ಅನುಬಂಧದಲ್ಲಿ ಗ್ಯಾಂಟ್ ಚಾರ್ಟೊಂದಿದೆ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಇಂಜಿನಿಯರನ ಈ ಪಟವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಶಸ್ತ್ರಾಸ್ತ್ರಗಳ ತಯಾರಿಕೆಯೂ ಹಡಗು ಕಟ್ಟುವ ಕೆಲಸವೂ ಎಲ್ಲಿ ಹಿಂದೆ ಬಿದ್ದಿವೆಯೆಂಬುದನ್ನು ಒಂದೇ ನೋಟಕ್ಕೆ ತೋರಿಸಲು ಬಳಕೆಯಾಯಿತು. ನಿಮ್ಮ ಪಟದಲ್ಲಿ ಬರವಣಿಗೆಗೆ ಎರಡು ದಿನಗಳೂ ಬೈಂಡಿಂಗಿಗೆ ಐದು ದಿನಗಳೂ ಮೀಸಲಾಗಿರುವುದರಿಂದ, ಅದರ ಉದ್ದೇಶವು ಇಲ್ಲಿಯೂ ಸಂಪೂರ್ಣವಾಗಿ ಈಡೇರಿದೆಯೆಂದೇ ಹೇಳಬೇಕು.

ಸಮೀಕ್ಷೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. ‘ಸಂವಹನವು ಮುಖ್ಯವೆಂದು ತಾವು ಭಾವಿಸುವಿರಾ?’ ಎಂಬ ಪ್ರಶ್ನೆಯನ್ನು ಗೂಗಲ್ ಫಾರಂ ಮೂಲಕ ಸಹಪಾಠಿಗಳಿಗೇ ಕಳುಹಿಸಿ, ‘ಇಲ್ಲ’ವೆಂದ ಒಬ್ಬನನ್ನು ತಮಾಷೆಗಾರನೆಂದು ಲೆಕ್ಕದಿಂದ ತೆಗೆದುಹಾಕಿ, ಉಳಿದದ್ದನ್ನು ಪೈ ಚಾರ್ಟಿನಲ್ಲಿ ತೋರಿಸುವುದೆಂದು ನೀವು ಗೊತ್ತುಮಾಡಿದ್ದೀರಿ. ಆ ಸಹಪಾಠಿಗಳಲ್ಲಿ ಸತ್ಯವನ್ನು ನುಡಿದವನು ಅವನೊಬ್ಬನೇ ಇರಬಹುದೆಂದು ನನ್ನ ಗುಮಾನಿ.

ಹೆಚ್ಚು ಹೊತ್ತು ನನ್ನನ್ನು ತಡೆದು ನಿಲ್ಲಿಸಿದ್ದು ಕೃತಿಚೌರ್ಯದ ತಪಾಸಣೆಗಾಗಿ ನೀವು ಹೂಡಿರುವ ತಂತ್ರವು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಪ್ರಕಾರ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲವಷ್ಟೆ. ಸೀನಿಯರುಗಳ ಬರಹವನ್ನು ಆ ಮಿತಿಗೆ ಇಳಿಸಲು ನೀವು ಪ್ರತಿಯೊಂದು ಪದಕ್ಕೂ ಪರ್ಯಾಯಪದವನ್ನು ಹುಡುಕಿ ತುಂಬುತ್ತಿರುವುದು ಯೋಜನಾಪತ್ರದೊಡನಿದ್ದ ಕರಡಿನ ಮೊದಲ ಹಾಳೆಯಲ್ಲಿಯೇ ಕಾಣುತ್ತದೆ. ಅವರು ‘ಕೇಳುವವನ ಗಮನವನ್ನು ಹಿಡಿದಿಡಬೇಕು’ ಎಂದು ಬರೆದಿದ್ದ ವಾಕ್ಯವು ನಿಮ್ಮ ಕೈಯಲ್ಲಿ ‘ಶ್ರವಣಕಾರಕನ ಅವಧಾನವನ್ನು ಬಂಧನದಲ್ಲಿರಿಸತಕ್ಕದ್ದು’ ಎಂದಾಗಿ, ಯಂತ್ರಕ್ಕೆ ಗುರುತು ಸಿಗಬಾರದೆಂಬ ಭರದಲ್ಲಿ ಮನುಷ್ಯನಿಗೂ ಗುರುತು ಸಿಗದಂತಾಗಿ, ಪೋಲೀಸು ಠಾಣೆಯ ವರದಿಯ ಕಳೆಯನ್ನು ತಳೆದಿದೆ. ಕವಿರಾಜಮಾರ್ಗದ ಕರ್ತೃವು ಒಂಬತ್ತನೆಯ ಶತಮಾನದಲ್ಲಿಯೇ ತನ್ನ ಗ್ರಂಥದ ಮೊದಲ ಪರಿಚ್ಛೇದವನ್ನು ಕಾವ್ಯದೋಷಗಳ ವಿವೇಚನೆಗೆ ಮೀಸಲಿಟ್ಟನು. ಓದುಗನಿಗೆ ತಿಳಿಯಬಾರದೆಂದು ಸಂಕಲ್ಪಮಾಡಿಯೇ ಬರೆಯುವ ದೋಷವೊಂದುಂಟೆಂದು ಆ ಪುಣ್ಯಾತ್ಮನು ಊಹಿಸಿರಲಾರನು.

ಇನ್ನು ಸ್ಲೈಡುಗಳು. ಇಲ್ಲಿ ಕ್ಷಣಕಾಲ ವಿನೋದವನ್ನು ಬದಿಗಿಡಬೇಕಾಗಿದೆ. 2003ರ ಜನವರಿ 16ರಂದು ಮೇಲೇರಿದ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಎಡರೆಕ್ಕೆಗೆ ಇಂಧನ ತೊಟ್ಟಿಯಿಂದ ಕಳಚಿದ ನಿರೋಧಕ ನೊರೆಯ ತುಂಡೊಂದು ಬಡಿಯಿತು. ನೌಕೆಯು ಇನ್ನೂ ಕಕ್ಷೆಯಲ್ಲಿರುವಾಗಲೇ, ಅದರಿಂದಾದ ಹಾನಿ ಎಷ್ಟಿರಬಹುದೆಂದು ಇಂಜಿನಿಯರುಗಳು ಅಧಿಕಾರಿಗಳ ಮುಂದಿಟ್ಟ ಸ್ಲೈಡೊಂದರಲ್ಲಿ, ಶೀರ್ಷಿಕೆಯು ಧೈರ್ಯ ತುಂಬುವ ಧಾಟಿಯಲ್ಲಿದ್ದು, ಬಡಿದ ತುಂಡು 1920 ಘನ ಅಂಗುಲದ್ದು, ಪರೀಕ್ಷೆಗೆ ಬಳಸಿದ್ದು ಕೇವಲ 3 ಘನ ಅಂಗುಲದ್ದು ಎಂಬ ಸಂಗತಿಯು ಎಲ್ಲಕ್ಕೂ ಕೆಳಗೆ, ಬುಲೆಟ್ಟಿನ ಅಡಿಯ ಬುಲೆಟ್ಟಿನಲ್ಲಿ, ಭಾಗಿಸಿ ನೋಡುವ ಶ್ರಮವನ್ನು ಓದುಗನಿಗೇ ಬಿಟ್ಟು, ಅವಿತುಕೊಂಡಿತ್ತು. ಫೆಬ್ರವರಿ 1ರಂದು ನೌಕೆಯು ಹಿಂದಿರುಗುವಾಗ ಛಿದ್ರವಾಗಿ, ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಮಡಿದರು. ಆ ಸ್ಲೈಡೊಂದೇ ಅವರ ಸಾವಿಗೆ ಕಾರಣವೆನ್ನುವುದು ಅನ್ಯಾಯವಾದೀತು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ ವಿಚಾರಣಾ ಮಂಡಲಿಯ ವರದಿಯು, ತಾಂತ್ರಿಕ ಪ್ರಬಂಧಗಳ ಸ್ಥಾನದಲ್ಲಿ ಸ್ಲೈಡುಗಳನ್ನು ಕೂರಿಸಿದ ನಾಸಾದ ರೂಢಿಯನ್ನು ಹೆಸರಿಸಿಯೇ ಆಕ್ಷೇಪಿಸಿತು. ನಿಮ್ಮ ಸ್ಲೈಡುಗಳಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲವೆಂಬುದನ್ನು ನಾನು ಒಪ್ಪುವೆನು. ಅಡಗಿಸಿಡುವುದಕ್ಕೆ ಸಂಗತಿಯೊಂದಾದರೂ ಇರಬೇಕಷ್ಟೆ.

ಟೀಕಿಸುವವನು ಬದಲು ದಾರಿಯನ್ನು ತೋರಿಸಬೇಕೆಂಬುದು ಕಚೇರಿಯ ಪದ್ಧತಿ. ಆದುದರಿಂದ ನನ್ನ ಷರಾ ಹೀಗಿದೆ. ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೋ ಜಾತಿ ಪ್ರಮಾಣಪತ್ರಕ್ಕೋ ಅರ್ಜಿ ಕೊಟ್ಟವನಿಗೆ ಸಕಾಲ ಯೋಜನೆಯ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿ ದೊರೆಯುತ್ತದೆ. ಆ ಸಂಖ್ಯೆಯಿಂದ ಅರ್ಜಿಯ ಗತಿಯನ್ನು ತಿಳಿಯಬಹುದೆಂದೂ, ಗೊತ್ತುಪಡಿಸಿದ ದಿನಗಳೊಳಗೆ ಕೆಲಸವಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆಯೆಂದೂ, ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರವನ್ನು 2011ರ ಸಕಾಲ ಕಾಯಿದೆಯು ವಿಧಿಸಿದೆಯೆಂದೂ ಆ ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಸೇರಿಸುವ ರೈತರಲ್ಲಿ ಎಷ್ಟೋ ಮಂದಿಗೆ ತಿಳಿಯದು. ಇವಿಷ್ಟನ್ನು ಒಂದೇ ಹಾಳೆಯ ಒಂದೇ ಮಗ್ಗುಲಲ್ಲಿ, ಅವರು ಆಡುವ ಕನ್ನಡದಲ್ಲಿ ಬರೆಯಿರಿ. ಸರದಿಯಲ್ಲಿ ನಿಂತವರ ಕೈಗೆ ಕೊಟ್ಟು, ಓದುವಾಗ ಅವರ ಬೆರಳು ಎಲ್ಲಿ ನಿಲ್ಲುವುದೆಂದು ನೋಡಿರಿ. ನಿಂತ ಕಡೆಯಲ್ಲೆಲ್ಲ ವಾಕ್ಯವನ್ನು ತಿದ್ದಿ ಮತ್ತೆ ಕೊಡಿರಿ. ಅದಕ್ಕೆ ಎರಡು ದಿನಗಳು ಸಾಲವು, ಬೈಂಡಿಂಗಿನ ಐದನ್ನೂ ತೆಗೆದುಕೊಳ್ಳಬೇಕಾದೀತು. ಲಿಟರೇಚರ್ ಸರ್ವೆ ಎಲ್ಲಿ, ಉಳಿದ ಐವತ್ತೊಂಬತ್ತು ಪುಟಗಳೆಲ್ಲಿ ಎಂದು ನಿಮ್ಮ ಗೈಡ್ ಮಹಾಶಯರು ಕೇಳುವುದು ನಿಶ್ಚಯ. ಅವರಿಗೆ ತೂಕವೇ ಬೇಕಾದ ಪಕ್ಷದಲ್ಲಿ, ತಿದ್ದಿ ಬಿಸಾಡಿದ ಕರಡುಗಳನ್ನೆಲ್ಲ ಅದೇ ಕಪ್ಪು ರೆಕ್ಸಿನ್ನಿನಲ್ಲಿ ಕಟ್ಟಿಸಿ ಒಪ್ಪಿಸಬಹುದು.

ಕಡೆಯದಾಗಿ, ಕೇವಲ ಗೃಹಕೃತ್ಯದ ವಿಷಯವೊಂದು. ರಾತ್ರಿ ನೀರಿನ ಮೋಟಾರನ್ನು ಹಾಕಿದವರು ತೊಟ್ಟಿ ತುಂಬಿದೊಡನೆ ಆರಿಸತಕ್ಕದ್ದೆಂದು ನಾನು ವಾಟ್ಸಪ್ಪಿನಲ್ಲಿ ಕಳುಹಿಸಿದ ವಿಜ್ಞಾಪನೆಗೆ ನಿಮ್ಮೈವರಿಂದಲೂ ಹೆಬ್ಬೆಟ್ಟಿನ ಚಿತ್ರವು ಬಂದಿದೆ; ಆ ರಾತ್ರಿಯೇ ತೊಟ್ಟಿಯು ಉಕ್ಕಿ ಪಕ್ಕದ ಮನೆಯವರ ಅಂಗಳವೂ ತೋಯ್ದಿದೆ. ನಮ್ಮ ಕಚೇರಿಯಲ್ಲಿ ಹೆಬ್ಬೆಟ್ಟನ್ನು ಒತ್ತಿದವನ ಗುರುತಿನ ಪಕ್ಕದಲ್ಲಿ, ಇದು ಇಂಥವನದೆಂದು ಅಕ್ಷರ ಬಲ್ಲವರಿಂದ ಬರೆಯಿಸಿ ಸಾಕ್ಷಿ ಹಾಕಿಸುತ್ತಿದ್ದೆವು. ಆದುದರಿಂದ ಯಾವ ವಾರ ಯಾರು ಮೋಟಾರನ್ನು ಆರಿಸುವರೆಂಬುದನ್ನು ಹೆಸರು ಸಹಿತ ಬರೆದು, ಬರುವ ಸೋಮವಾರದೊಳಗೆ ಸ್ವಿಚ್ಚಿನ ಪಕ್ಕದಲ್ಲಿ ಅಂಟಿಸತಕ್ಕದ್ದು. ಕೃತಜ್ಞತೆಯ ಪುಟ ಅನವಶ್ಯಕ.

ಇತಿ ಆಶೀರ್ವಾದಗಳು,
ಕೆಳಗಿನ ಮನೆಯ ನಿವೃತ್ತ ಶಿರಸ್ತೇದಾರ