ರಟ್ಟಿನ ಜಾತಕ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ಮೊಬೈಲ್ ನೋಡುತ್ತಾರೆ. ನಮ್ಮ ಸೋದರಮಾವ ಶೆಡ್ಡಿಗೆ ಹೋಗಿ ಮಂಡಿಯೂರಿ ಕಾರಿನಡಿಯ ರಟ್ಟು ನೋಡುತ್ತಾರೆ. ಇಂಥ ಮಾವಂದಿರು ಮೈಸೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಒಬ್ಬರದು ಫಿಯೆಟ್, ಇನ್ನೊಬ್ಬರದು ಮಾರಿಸ್ ಮೈನರ್. ನಮ್ಮವರದು 1964ರ ಸ್ಟ್ಯಾಂಡರ್ಡ್ ಹೆರಾಲ್ಡ್. ಮದರಾಸಿನಲ್ಲಿ ಹುಟ್ಟಿದ್ದು, ಎರಡೇ ಬಾಗಿಲು, 948 ಸಿಸಿ. ‘ವಿಂಟೇಜ್ ಕಾರು ಚೆನ್ನಾಗಿದೆ ಸಾರ್’ ಎಂದು ಯಾರಾದರೂ ಹೊಗಳಿದರೆ ಮಾವನಿಗೆ ಖುಷಿಯಾಗುವುದಿಲ್ಲ. ‘ವಿಂಟೇಜ್ ಅಂದ್ರೆ 1930ರವರೆಗಿನದು ಕಣಪ್ಪ. ಇದು ಕ್ಲಾಸಿಕ್’ ಎಂದು ತಿದ್ದಿ ಕಳಿಸುತ್ತಾರೆ.

ರಟ್ಟು ಎಂದರೆ ಫ್ರಿಜ್ಜಿನ ಪೆಟ್ಟಿಗೆ ಬಿಚ್ಚಿ ಹಾಸಿದ್ದು. ಅದರ ಮೇಲೆ ರಾತ್ರಿ ತೊಟ್ಟಿಕ್ಕಿದ ಕಲೆಗಳನ್ನು ಮಾವ ಜಾತಕದ ಹಾಗೆ ಓದುತ್ತಾರೆ. ಮುಂದುಗಡೆ ಕಪ್ಪು ಚುಕ್ಕೆಯಿದ್ದರೆ ಇಂಜಿನ್ ಆಯಿಲ್, ಗಾಬರಿಯಿಲ್ಲ. ಹಿಂದುಗಡೆಯದನ್ನು ಬೆರಳಿಗೆ ಹಚ್ಚಿ ಮೂಸಿದಾಗ ಗಂಧಕದ ಘಾಟು ಬಂದರೆ ಗೇರ್ ಆಯಿಲ್. ಚಕ್ರದ ಹತ್ತಿರ ತಿಳಿಯಾದ ಜಿಡ್ಡು ಕಂಡರೆ ಬ್ರೇಕಿನದು. ಅವತ್ತು ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ. ಒಂದೊಂದು ಚುಕ್ಕೆಯ ಪಕ್ಕದಲ್ಲೂ ಬಾಲ್‌ಪೆನ್ನಿನಲ್ಲಿ ತಾರೀಖು. ‘ನಿನ್ನೆಗಿಂತ ಎರಡು ಹನಿ ಜಾಸ್ತಿ ಕಣೋ’ ಎನ್ನುವಾಗ ಅವರ ದನಿ, ಮಗುವಿಗೆ ಜ್ವರ ಇಳಿದಿಲ್ಲವೆಂದು ಹೇಳುವವರ ದನಿ.

ಸೋರುವುದು ತಪ್ಪಲ್ಲ ಎಂಬುದಕ್ಕೆ ಅವರಲ್ಲಿ ಕಾರಣವಿದೆ. ಆ ಕಾಲದ ಎಷ್ಟೋ ಇಂಗ್ಲಿಷ್ ಇಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ ಹಿಂದುಗಡೆ ರಬ್ಬರ್ ಸೀಲ್ ಇಲ್ಲ. ಸ್ಕ್ರೂ ಮರೆಯ ಹಾಗೆ ಕೊರೆದ ಒಂದು ಸುರುಳಿಯಿದೆ. ಶಾಫ್ಟ್ ತಿರುಗುವಾಗ ಅದು ಆಯಿಲನ್ನು ಒಳಕ್ಕೇ ತಳ್ಳುತ್ತದೆ. ಇಂಜಿನ್ ನಿಂತರೆ ಸುರುಳಿಗೂ ರಜೆ. ಅಂದರೆ ಓಡುವ ಕಾರಿಗಿಂತ ನಿಂತ ಕಾರು ಹೆಚ್ಚು ತೊಟ್ಟಿಕ್ಕೀತು. ನಮ್ಮದು ನಿಂತೇ ಇರುತ್ತದೆ.

ಸಂಕ್ರಾಂತಿಗೆ ಎಳ್ಳು ಕೊಡಲು ಬಂದ ಪಕ್ಕದ ಮನೆಯ ಹುಡುಗ ಬಾಯಿ ತಪ್ಪಿ, ‘ಅಂಕಲ್, ಸಿಂಥೆಟಿಕ್ ಆಯಿಲ್ ಹಾಕಿ, ಬೆಸ್ಟು’ ಎಂದುಬಿಟ್ಟ. ಮಾವ ಅವನನ್ನು ಕೂರಿಸಿದರು. ‘ಜಿಂಕ್ ಇದೆಯಾ ಅದರಲ್ಲಿ? ಎಷ್ಟಿದೆ?’ ಹುಡುಗ ತಟ್ಟೆ ನೋಡಿದ. ಆಮೇಲಿನ ಮುಕ್ಕಾಲು ಗಂಟೆಯಲ್ಲಿ ಅವನಿಗೆ ತಿಳಿದದ್ದು ಇಷ್ಟು: ಹಳೇ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ, ಆ ಉಜ್ಜಾಟದಲ್ಲಿ ಲೋಹವನ್ನು ಕಾಪಾಡುವುದು ಆಯಿಲಿಗೆ ಬೆರೆಸಿದ ಜಿಂಕ್-ಫಾಸ್ಫರಸ್ ಸಂಯುಕ್ತ, ಹೊಸ ಕಾರುಗಳ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಫಾಸ್ಫರಸ್ ಆಗಿಬರುವುದಿಲ್ಲವೆಂದು ಈಗ ಅದನ್ನು ಕಡಿಮೆ ಮಾಡಿದ್ದಾರೆ. ‘ಯಾರದೋ ಹೊಗೆ ಶುದ್ಧಿಗೆ ನನ್ನ ಕ್ಯಾಮ್ ಸವೆಯಬೇಕೇನಯ್ಯಾ?’ ಆದ್ದರಿಂದ ಈ ಮನೆಯಲ್ಲಿ 20ಡಬ್ಲ್ಯೂ-50 ಮಿನರಲ್ ಆಯಿಲ್, ಅದೇ. ‘ಡಬ್ಲ್ಯೂ ಅಂದ್ರೆ?’ ಎಂದು ಹುಡುಗ ಕೇಳಬಾರದಿತ್ತು. ಅದು ವಿಂಟರ್. ಇನ್ನೊಂದು ಕಾಲು ಗಂಟೆ.

ಎಣ್ಣೆಯ ಇತಿಹಾಸ ಊಟದ ಹೊತ್ತಿಗೇ ಬರುತ್ತದೆ. ‘ಕ್ಯಾಸ್ಟ್ರಾಲ್ ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತಾ? ಕ್ಯಾಸ್ಟರ್. ನಮ್ಮ ಹರಳೆಣ್ಣೆ! ಗಾಡಿಯ ಅಚ್ಚಿಗೆ ನಮ್ಮಜ್ಜ ಹಚ್ಚುತ್ತಿದ್ದ ಕೀಲೆಣ್ಣೆಯ ಮೊಮ್ಮಗ ಅದು.’ ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗೂ ಹರಳೆಣ್ಣೆಯೇ. ಅದು ಸುಡದೆ ಹೊಗೆಯ ಜೊತೆ ಪೈಲಟ್‌ಗಳ ಮುಖಕ್ಕೆ ಸಿಡಿಯುತ್ತಿತ್ತು, ಬಾಯಿಗೆ ಹೋಗುತ್ತಿತ್ತು. ‘ಆಮೇಲೆ ಪಾಪ, ಮೇಲೆ ಹಾರಾಡುತ್ತಲೇ ಅವರಿಗೆ...’

‘ಮಜ್ಜಿಗೆ ಹಾಕಲಾ?’ ಎಂದರು ಅತ್ತೆ.

ಮಾವನ ಬದುಕಿನ ದೊಡ್ಡ ಗಾಯ ಟ್ರನಿಯನ್. ಹೆರಾಲ್ಡಿನ ಮುಂದಿನ ಚಕ್ರದ ಕಂಬ ಕೆಳಗೊಂದು ಕಂಚಿನ ತುಂಡಿನೊಳಗೆ ಸ್ಕ್ರೂವಿನ ಹಾಗೆ ಕೂತು ತಿರುಗುತ್ತದೆ. ನೋಡಿದರೆ ಗ್ರೀಸ್ ನಿಪ್ಪಲ್ಲಿನದೇ ರೂಪ, ಆದರೆ ಅಲ್ಲಿಗೆ ಗ್ರೀಸ್ ಹಾಕಬಾರದು. ಗ್ರೀಸ್ ಗನ್ನಿಗೆ ತೊಂಬತ್ತು ನಂಬರಿನ ಗೇರ್ ಆಯಿಲ್ ತುಂಬಿ ಒತ್ತಬೇಕು. ಗ್ರೀಸಾದರೆ ಗಟ್ಟಿಯಾಗಿ ಕೂತುಬಿಡುತ್ತದೆ, ಮರೆಗಳ ಸಂದಿಗೆ ಇಳಿಯುವುದಿಲ್ಲ, ಒಂದು ದಿನ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಗ್ಯಾರೇಜಿನ ಹುಡುಗನೊಬ್ಬ ಎಂದೋ ಒಮ್ಮೆ, ಒಳ್ಳೆಯ ಮನಸ್ಸಿನಿಂದಲೇ, ಅಲ್ಲಿಗೆ ಗ್ರೀಸ್ ತುಂಬಿದ. ಆ ಹುಡುಗನಿಗೆ ಈಗ ಮದುವೆಯಾಗಿ ಇಬ್ಬರು ಮಕ್ಕಳು. ಮಾವ ಮದುವೆಗೆ ಹೋಗಿ ಮುಯ್ಯಿ ಮಾಡಿ, ವೇದಿಕೆಯ ಮೇಲೇ ಕಿವಿಯಲ್ಲಿ, ‘ಟ್ರನಿಯನ್‌ಗೆ ಆಯಿಲ್, ನೆನಪಿಟ್ಕೋ’ ಎಂದು ಹೇಳಿ ಬಂದರು.

ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡ ಕಾರು ಹೋಗುವುದೆಲ್ಲಿಗೆ? ಆಯುಧಪೂಜೆಯ ದಿನ ನಾಲ್ಕು ನಿಂಬೆಹಣ್ಣಿನ ಮೇಲೆ ಹೋಗುತ್ತದೆ. ಉಳಿದ ದಿನ ಬೆಳಿಗ್ಗೆ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುತ್ತಾರೆ. ಹೀಗೆ ಮಾಡಿದರೆ ಕೆಡುಕು ಎಂದು ಮೆಕ್ಯಾನಿಕ್ ಭಾಯ್ ಆಯಿಲ್ ಮುಚ್ಚಳ ಬಿಚ್ಚಿ ತೋರಿಸಿಯೇ ಹೇಳಿದ್ದರು. ಅದರಡಿಯಲ್ಲಿ ಕಡೆದ ಮಜ್ಜಿಗೆಯಂಥ ನೊರೆ ಕಟ್ಟಿತ್ತು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ತಣ್ಣನೆಯ ಇಂಜಿನ್ನಿನಲ್ಲಿ ಅದು ನೀರಾಗಿ ಆಯಿಲಿಗೆ ಸೇರುತ್ತದೆ, ಚೋಕ್ ಎಳೆದ ಪೆಟ್ರೋಲೂ ಜೊತೆಗಿಳಿದು ತೆಳ್ಳಗೆ ಮಾಡುತ್ತದೆ. ಇವೆರಡೂ ಆರಬೇಕಾದರೆ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಬಿಸಿಯಾಗಿ ಓಡಬೇಕು. ‘ನಂಜನಗೂಡಿಗೆ ಹೋಗಿ ದರ್ಶನ ಮಾಡ್ಕೊಂಡ್ ಬನ್ನಿ ಸಾರ್, ಗಾಡಿಗೂ ಒಳ್ಳೇದು, ನಿಮಗೂ ಒಳ್ಳೇದು.’

‘ಓಡಿಸಿದ್ರೆ ಸವೆಯುತ್ತಲ್ಲ ಭಾಯ್’ ಎಂದರು ಮಾವ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ಹೊರಗೆ ತರಬಹುದು. ಮಾವ ಅದನ್ನು ಎರಡು ಸಲ ಓದಿ ಪೇಪರ್ ಮಡಚಿಟ್ಟರು. ಇಷ್ಟು ವರ್ಷ ಅವರು ಪಾಲಿಸಿಕೊಂಡು ಬಂದದ್ದನ್ನೇ ಸರ್ಕಾರ ಈಗ ಕಾನೂನು ಮಾಡಿತ್ತು. ಆದರೂ ನೋಂದಣಿ ಮಾಡಿಸಲಿಲ್ಲ. ಶುಲ್ಕ 20,000 ರೂಪಾಯಿ; ಅದಕ್ಕೆ ಎಷ್ಟು ಲೀಟರ್ ಆಯಿಲ್ ಬರುತ್ತದೆಂದು ಅವರಿಗೆ ಬಾಯಿಪಾಠವಿತ್ತು.

ಹೋದ ತಿಂಗಳು ನಾನು ಅಲ್ಲಿದ್ದ ದಿನ ಶೆಡ್ಡಿನಿಂದ ಒಂದು ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ನೆಲದ ಮೇಲೆ ಹೊಚ್ಚ ಹೊಸ ರಟ್ಟು, ಒಂದು ಚುಕ್ಕೆಯಿಲ್ಲ. ಮಾವ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದರು, ಕೈ ನಡುಗುತ್ತಿತ್ತು. ಆಯಿಲ್ ಸರಿಯಾಗಿಯೇ ಇತ್ತು.

‘ಹಳೇದು ನಾರ್ತಿತ್ತು, ಪೇಪರಿನವನಿಗೆ ಹಾಕ್ದೆ’ ಎಂದರು ಅತ್ತೆ. ‘ಈಗಿನ್ನೂ ಹೋದ. ಬೇಕಿದ್ರೆ ಕಾರು ತೆಗೀರಿ, ಸರ್ಕಲ್ ಹತ್ರ ಸಿಗ್ತಾನೆ.’

‘ತಣ್ಣಗಿರೋ ಇಂಜಿನ್ನ ಹಾಗೆಲ್ಲ ಓಡಿಸಬಾರದು’ ಎಂದವರೇ ನನ್ನ ಸ್ಕೂಟರಿನ ಕೀ ಕಿತ್ತುಕೊಂಡು ಪಂಚೆಯಲ್ಲೇ ಹೊರಟರು.

ಅರ್ಧ ಗಂಟೆ ಬಿಟ್ಟು ಬಂದರು, ಎರಡು ಮಂಡಿಯ ನಡುವೆ ಮೂರು ವರ್ಷದ ದಾಖಲೆ. ಎಣ್ಣೆ ಕುಡಿದದ್ದಕ್ಕೆ ರಟ್ಟು ಒಳ್ಳೇ ತೂಕ ಬಂದಿತ್ತಂತೆ, ಪೇಪರಿನವನು ಬಿಡಲೊಲ್ಲದೆ ಚೌಕಾಸಿ ಮಾಡಿದನಂತೆ. ಅದನ್ನು ಕಾರಿನಡಿ ಮೊದಲಿನ ಹಾಗೆಯೇ ಸರಿಸಿ, ಅಂಗೈ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

‘ಅದೇನೋ ಅದು ನಿನ್ನ ಸ್ಕೂಟರು, ಹಾಗೆ ಕಿರುಚುತ್ತೆ? ಆಯಿಲ್ ಯಾವಾಗ ಬದಲಾಯಿಸಿದ್ದು?’